ಒತ್ತುವುದು ಬಂತು, ಬಿಡುವುದು ಬರಲಿಲ್ಲ

ಸಕಲೇಶಪುರದಲ್ಲಾಗಲಿ ಆಲೂರಿನಲ್ಲಾಗಲಿ, ತಾಲ್ಲೂಕು ಕಚೇರಿಯ ಆಸುಪಾಸಿನ ಜೆರಾಕ್ಸ್, ಡಿಟಿಪಿ ಅಂಗಡಿಗೆ ಅರ್ಜಿ ಬರೆಸಲು ಹೋದವರು ಒಂದು ಸಂಗತಿ ಗಮನಿಸಿರುತ್ತೀರಿ. ಪಹಣಿ ತಿದ್ದುಪಡಿಯ ಅರ್ಜಿಯೋ, ಆನೆ ತುಳಿದ ಗದ್ದೆಗೆ ಪರಿಹಾರ ಕೇಳುವ ಮನವಿಯೋ, ನಾವು ಬಾಯಲ್ಲಿ ಹೇಳಿ ಉಸಿರು ಬಿಡುವಷ್ಟರಲ್ಲಿ ಅಲ್ಲಿ ಕೂತ ಹುಡುಗಿ ಟೈಪ್ ಮಾಡಿ ಮುಗಿಸಿರುತ್ತಾಳೆ. ಅವಳ ಕಣ್ಣು ನಮ್ಮ ಮುಖದ ಮೇಲಿರುತ್ತದೆ, ಇಲ್ಲವೇ ಪರದೆಯ ಮೇಲೆ. ಕೀಲಿಮಣೆಯ ಕಡೆ ಒಮ್ಮೆಯೂ ಹೊರಳುವುದಿಲ್ಲ. ಇಂಥ ಬೆರಳು ಪಳಗಿದವರು ಸಂಗೀತದ ಕೀಬೋರ್ಡ್ ಮುಂದೆ ಕೂತರೆ ಅರ್ಧ ದಾರಿ ಆಗಲೇ ನಡೆದಂತೆಯೇ? ನಮ್ಮ ಕಡೆ ಈ ಪ್ರಶ್ನೆ ಈಗ ಆಗಾಗ ಕಿವಿಗೆ ಬೀಳುತ್ತದೆ. ಮಕ್ಕಳಿಗೆಂದು ತಂದ ಕ್ಯಾಸಿಯೋ, ಯಮಹಾಗಳು ಎಷ್ಟೋ ಮನೆಗಳ ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿವೆ. ಮಕ್ಕಳು ಓದಲು ಬೆಂಗಳೂರು, ಮಂಗಳೂರು ಸೇರಿದ ಮೇಲೆ ಅದನ್ನು ಕೆಳಗಿಳಿಸಿ ನೋಡುವ ಆಸೆ ದೊಡ್ಡವರಿಗೆ ಹುಟ್ಟುತ್ತದೆ. ಅವರಲ್ಲಿ ಹಲವರು ಒಂದು ಕಾಲಕ್ಕೆ ಟೈಪಿಂಗ್ ಜೂನಿಯರ್, ಸೀನಿಯರ್ ಪಾಸು ಮಾಡಿದವರೇ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೆರಳಿನ ಕೆಲಸದಲ್ಲಿ ಟೈಪಿಸ್ಟ್‌ಗಳು ನಿಜವಾಗಿಯೂ ಮುಂದಿರುತ್ತಾರೆ. ಹೊಸಬರು ತಿಂಗಳುಗಟ್ಟಲೆ ಹೆಣಗುವ ಕಡೆ ಅವರು ಸಲೀಸಾಗಿ ದಾಟಿಕೊಳ್ಳುತ್ತಾರೆ. ಆದರೆ ಅದೇ ಅಭ್ಯಾಸ ಮುಂದೆ ಕೆಲವು ಕಡೆ ಅಡ್ಡಗಾಲು ಹಾಕುತ್ತದೆ, ಅದರಲ್ಲೂ ಕೀಲಿಯಿಂದ ಬೆರಳೆತ್ತುವ ವಿಷಯದಲ್ಲಿ. ಟೈಪಿಂಗ್‌ನಲ್ಲಿ ಒತ್ತಿದ್ದಷ್ಟೇ ಲೆಕ್ಕ. ವಾದ್ಯದಲ್ಲಿ ಬಿಟ್ಟದ್ದೂ ಲೆಕ್ಕ.

ಈ ಎರಡು ಮಣೆಗಳ ನಂಟು ಇಂದು ನಿನ್ನೆಯದಲ್ಲ. ಟೈಪ್‌ರೈಟರ್ ಮಾಡಹೊರಟ ಮೊದಲಿಗರ ಕಣ್ಣ ಮುಂದೆ ಇದ್ದದ್ದೇ ಪಿಯಾನೊ. ಇಟಲಿಯ ನೊವಾರಾ ಊರಿನ ವಕೀಲ ಜುಸೆಪ್ಪೆ ರವಿಜ್ಜಾ 1855ರಲ್ಲಿ ಪೇಟೆಂಟ್ ಪಡೆದ ಬರೆಯುವ ಯಂತ್ರಕ್ಕೆ ಪಿಯಾನೊದ ಕೀಲಿಗಳಂಥವೇ ಕೀಲಿಗಳಿದ್ದವು. ಅದೇ ಸುಮಾರಿಗೆ ಅಕ್ಷರ ಮುದ್ರಿಸುವ ಟೆಲಿಗ್ರಾಫ್ ಯಂತ್ರ ಕಂಡುಹಿಡಿದ ಡೇವಿಡ್ ಎಡ್ವರ್ಡ್ ಹ್ಯೂಸ್ ಅಮೆರಿಕದ ಕೆಂಟಕಿಯಲ್ಲಿ ಸಂಗೀತದ ಮೇಷ್ಟ್ರಾಗಿದ್ದವರು. ಅವರ ಯಂತ್ರದ 28 ಕೀಲಿಗಳೂ ಕಪ್ಪು ಬಿಳುಪಿನವು, ಥೇಟ್ ಪಿಯಾನೊ. ಕ್ರಿಸ್ಟೋಫರ್ ಶೋಲ್ಸ್ ಮತ್ತವರ ಜೊತೆಗಾರರು 1868ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ಕೀಲಿಗಳು ಪಿಯಾನೊದ ಮಾದರಿಯಲ್ಲೇ ಇದ್ದವು. ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತರುವ ಹೊತ್ತಿಗೆ ಅವು ಗುಂಡಿಗಳಾಗಿ, ನಾಲ್ಕು ಸಾಲಾಗಿ, ಇವತ್ತು ನಾವು ಕಾಣುವ ರೂಪಕ್ಕೆ ಬಂದಿದ್ದವು. ಹಾಗಾಗಿ ಟೈಪಿಸ್ಟ್ ಒಬ್ಬರು ಹಾರ್ಮೋನಿಯಂ ಕಲಿಯಲು ಹೊರಟರೆ ಅದು ತವರಿಗೆ ಹೊರಟಂತೆಯೇ ಸರಿ.

ನಮ್ಮ ರಾಜ್ಯದಲ್ಲಂತೂ ಈ ಎರಡು ವಿದ್ಯೆಗಳು ಬಹುಕಾಲ ಒಂದೇ ಸೂರಿನಡಿ ಇದ್ದವು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಮಂಡಳಿಯೇ ಬೆರಳಚ್ಚು, ಶೀಘ್ರಲಿಪಿಯ ವಾಣಿಜ್ಯ ಪರೀಕ್ಷೆಗಳನ್ನೂ ಸಂಗೀತ, ನೃತ್ಯ, ತಾಳವಾದ್ಯದ ಪರೀಕ್ಷೆಗಳನ್ನೂ ನಡೆಸುತ್ತಿತ್ತು. ಎರಡರಲ್ಲೂ ಜೂನಿಯರ್, ಎರಡರಲ್ಲೂ ಸೀನಿಯರ್. ಅದರಾಚೆಗೆ ಹೋದರೆ ಟೈಪಿಂಗ್‌ನವರಿಗೆ ಪ್ರೊಫಿಷಿಯೆನ್ಸಿ, ಸಂಗೀತದವರಿಗೆ ವಿದ್ವತ್. ಒಂದೇ ಮನೆಯ ಅಕ್ಕ ಟೈಪಿಂಗ್ ಜೂನಿಯರ್‌ಗೂ ತಂಗಿ ಸಂಗೀತ ಜೂನಿಯರ್‌ಗೂ ಫೀಸು ಕಟ್ಟಿದ್ದುಂಟು. ಆದರೂ ಇವೆರಡನ್ನು ಒಟ್ಟಿಗಿಟ್ಟು ನೋಡಬಹುದೆಂದು ಯಾರಿಗೂ ಅನ್ನಿಸಿದಂತಿಲ್ಲ. ಒಂದು ಹೊಟ್ಟೆಪಾಡಿಗೆ, ಇನ್ನೊಂದು ಹವ್ಯಾಸಕ್ಕೆ ಅಂತ ಪಾಲು ಹಂಚಿಯಾಗಿತ್ತು.

ಈಗ ಬೆರಳಿನ ವಿಷಯಕ್ಕೆ ಬರೋಣ. ಕಂಪ್ಯೂಟರಿನಲ್ಲಿ ನಮ್ಮಲ್ಲಿ ಹೆಚ್ಚು ಜನ ಬಳಸುವುದು ಕೆ.ಪಿ. ರಾಯರು ರೂಪಿಸಿದ ವಿನ್ಯಾಸ. ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ತಲುಪಿದ್ದು ಅದೇ. ಅದರಲ್ಲಿ ‘ಸಕಲೇಶಪುರ’ ಎಂದು ಹೊಡೆಯಿರಿ. ಎಸ್, ಕೆ, ಎಲ್, ಶಿಫ್ಟ್ ಹಿಡಿದು ಇ, ಶಿಫ್ಟ್ ಹಿಡಿದೇ ಎಸ್, ಆಮೇಲೆ ಪಿ, ಯು, ಆರ್. ಎಂಟು ಒತ್ತು. ಮೊದಲ ಎಸ್ ಎಡಗೈ ಉಂಗುರದ ಬೆರಳಿಗೆ, ಮುಂದಿನ ಕೆ ಮತ್ತು ಎಲ್ ಬಲಗೈಗೆ, ಇ ಮತ್ತೆ ಎಡಗೈ ನಡುಬೆರಳಿಗೆ. ಆ ಹೊತ್ತಿಗೆ ಬಲಗೈ ಕಿರುಬೆರಳು ಹೋಗಿ ಶಿಫ್ಟ್ ಹಿಡಿದಿರಬೇಕು. ‘ಅಕ್ಕ’ ಎನ್ನಲು ಎ, ಕೆ, ಎಫ್, ಕೆ. ಇಲ್ಲಿ ಎಫ್‌ಗೆ ಸ್ವಂತ ಅಕ್ಷರವಿಲ್ಲ, ಹಿಂದಿನ ವ್ಯಂಜನವನ್ನು ಮುಂದಿನದಕ್ಕೆ ಕಟ್ಟುವುದಷ್ಟೇ ಅದರ ಕೆಲಸ. ಒತ್ತಕ್ಷರ ಬಂದಾಗಲೆಲ್ಲ ಎಡಗೈ ತೋರುಬೆರಳು ಕೇಳದೆಯೇ ಎಫ್ ಮೇಲೆ ಬೀಳುತ್ತದೆ. ಇದನ್ನೆಲ್ಲ ಮಾಡುವಾಗ ಟೈಪಿಸ್ಟ್ ಬೆರಳಿನ ಬಗ್ಗೆ ಯೋಚಿಸುವುದಿಲ್ಲ, ಪದದ ಬಗ್ಗೆ ಯೋಚಿಸುತ್ತಾರೆ. ಸಂಗೀತ ಕಲಿಯುವವರು ವರ್ಷಗಟ್ಟಲೆ ದುಡಿದು ಗಳಿಸಬೇಕಾದ ಸ್ಥಿತಿ ಇದೇ. ಬೆರಳು ಮರೆತು ಸ್ವರ ಮಾತ್ರ ಉಳಿಯಬೇಕು.

ಕಲಿಸುವ ಕ್ರಮವೂ ಒಂದೇ ಬಗೆಯದು. ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋದವರು ಎ ಎಸ್ ಡಿ ಎಫ್ ಜಿ, ಸೆಮಿಕೋಲನ್ ಎಲ್ ಕೆ ಜೆ ಎಚ್ ಎಂದು ಹಾಳೆಗಟ್ಟಲೆ ಹೊಡೆದದ್ದನ್ನು ಮರೆತಿರಲಾರರು. ಅರ್ಥವಿಲ್ಲದ ಆ ಸಾಲುಗಳು ಬೆರಳಿಗೆ ದಾರಿ ತೋರಿಸಲು ಇದ್ದವು. ಪುರಂದರದಾಸರ ಹೆಸರಿನಲ್ಲಿ ನಡೆದುಬಂದಿರುವ ಸಂಗೀತ ಪಾಠದಲ್ಲಿ ಸರಳೆ ವರಸೆ ಮಾಡುವುದೂ ಅದನ್ನೇ. ಜಂಟಿ ವರಸೆ ಒಂದೇ ಸ್ವರವನ್ನು ಎರಡೆರಡು ಸಲ ಹೊಡೆಸುತ್ತದೆ, ದಾಟು ವರಸೆ ನಡುವಿನ ಸ್ವರ ಬಿಟ್ಟು ನೆಗೆಯಲು ಕಲಿಸುತ್ತದೆ. ಮೊದಲ ಕಾಲದಲ್ಲಿ ತಪ್ಪಿಲ್ಲದೆ ಬಂದ ಮೇಲಷ್ಟೇ ಎರಡನೆಯ ಕಾಲ, ಮೂರನೆಯ ಕಾಲ. ‘ಮೊದಲು ತಪ್ಪಿಲ್ಲದೆ ಹೊಡಿ, ಸ್ಪೀಡು ತಾನಾಗಿ ಬರುತ್ತೆ’ ಅನ್ನುವ ಟೈಪಿಂಗ್ ಮೇಷ್ಟ್ರ ಮಾತು ಸಂಗೀತದ ಮೇಷ್ಟ್ರ ಬಾಯಲ್ಲೂ ಇದ್ದದ್ದೇ.

ವೇಗದ ಲೆಕ್ಕವನ್ನೂ ನೋಡಿಬಿಡೋಣ. ಇಂಗ್ಲಿಷ್ ಟೈಪಿಂಗ್‌ನಲ್ಲಿ ಐದು ಒತ್ತಿಗೆ ಒಂದು ಪದ ಎಂದು ಎಣಿಸುವ ರೂಢಿ. ನಿಮಿಷಕ್ಕೆ 40 ಪದ ಹೊಡೆಯುವವರು ಸೆಕೆಂಡಿಗೆ ಮೂರಕ್ಕೂ ಹೆಚ್ಚು ಸಲ ಕೀಲಿ ಒತ್ತುತ್ತಾರೆ. ಗಡಿಯಾರದ ಸೆಕೆಂಡಿಗೊಂದರಂತೆ ತಾಳ ಹಾಕಿ ಮೂರನೆಯ ಕಾಲದಲ್ಲಿ ಸರಳೆ ನುಡಿಸಿದರೆ ತಾಳಕ್ಕೆ ನಾಲ್ಕು ಸ್ವರ. ಅಂದರೆ ಸಾಧಾರಣ ಟೈಪಿಸ್ಟ್‌ಗೂ ಮೂರನೆಯ ಕಾಲದ ಹತ್ತಿರಹತ್ತಿರದ ಬೆರಳಿನ ವೇಗ ಆಗಲೇ ಇದೆ. ತಾಳ ಮಾತ್ರ ಇಲ್ಲ. ಟೈಪಿಂಗ್‌ನಲ್ಲಿ ಗೊತ್ತಿರುವ ಪದ ಬಂದಾಗ ಬೆರಳು ಓಡುತ್ತದೆ, ಗೊತ್ತಿಲ್ಲದ ಹೆಸರು ಬಂದಾಗ ನಿಲ್ಲುತ್ತದೆ, ಯಾರೂ ಕೇಳುವುದಿಲ್ಲ. ತಾಳಕ್ಕೆ ಕೂತವರಿಗೆ ಆ ಸಲಿಗೆ ಇಲ್ಲ.

ಕೀಬೋರ್ಡ್ ಕೊಳ್ಳುವ ಮೊದಲೇ ಇದನ್ನೆಲ್ಲ ಪರೀಕ್ಷಿಸಿ ನೋಡಬೇಕೆನ್ನುವವರಿಗೆ ಸುಲಭದ ದಾರಿ ಇದೆ. ಕಂಪ್ಯೂಟರಿನ ಕೀಲಿಮಣೆಯನ್ನೇ ಹಾರ್ಮೋನಿಯಂ ಮಾಡಿಕೊಡುವ ತಂತ್ರಾಂಶಗಳಿವೆ. ಆಪಲ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ನಡುಸಾಲಿನ ಎ, ಎಸ್, ಡಿ, ಎಫ್, ಜಿ, ಎಚ್, ಜೆ, ಕೆ ಬಿಳಿ ಮನೆಗಳಾಗುತ್ತವೆ. ಮೇಲಿನ ಸಾಲಿನ ಡಬ್ಲ್ಯು, ಇ, ಟಿ, ವೈ, ಯು ಕಪ್ಪು ಮನೆಗಳು. ಎ ಮೇಲೆ ಷಡ್ಜ ಇಟ್ಟುಕೊಂಡು ನಡುಸಾಲನ್ನು ಸುಮ್ಮನೆ ಎಡದಿಂದ ಬಲಕ್ಕೆ ಒತ್ತುತ್ತಾ ಹೋದರೆ ಶಂಕರಾಭರಣದ ಆರೋಹಣ. ಸರಳೆಗೆ ಬೇಕಾದ ಮಾಯಾಮಾಳವಗೌಳಕ್ಕೆ ಎ, ಡಬ್ಲ್ಯು, ಡಿ, ಎಫ್, ಜಿ, ವೈ, ಜೆ, ಕೆ. ಎ, ಎಸ್, ಡಿ, ಜಿ, ಎಚ್, ಕೆ ಎಂದರೆ ಮೋಹನ. ಟೈಪಿಂಗ್ ಬಲ್ಲವರು ಇದನ್ನು ಕೂತ ಕೂತಲ್ಲೇ ನುಡಿಸಿಬಿಡುತ್ತಾರೆ. ನುಡಿಸಿ ಖುಷಿಪಡಲಿ. ಆದರೆ ಅಲ್ಲೇ ನಿಂತುಬಿಡಬಾರದು. ಸಾಮಾನ್ಯ ಕೀಲಿಮಣೆಗೆ ಮೂರು ನಾಲ್ಕು ಕೀಲಿ ಒಟ್ಟಿಗೆ ಒತ್ತಿದರೆ ಕೆಲವು ಸಲ ಒಂದು ಕೇಳಿಸುವುದೇ ಇಲ್ಲ. ಮೆಲ್ಲಗೆ ಒತ್ತಿದರೂ ಗುದ್ದಿದರೂ ದನಿ ಒಂದೇ. ಸ್ವರಸ್ಥಾನಗಳ ನಕ್ಷೆ ತಲೆಯಲ್ಲಿ ಕೂರಿಸಿಕೊಳ್ಳುವುದಕ್ಕೆ ಅದು ಸಾಕು, ವಾದ್ಯವಾಗುವುದಕ್ಕೆ ಸಾಲದು.

ನಮ್ಮ ಹಾಸನ ಜಿಲ್ಲೆಯಲ್ಲಿ ಹಾರ್ಮೋನಿಯಂ ಎಂದರೆ ಮೊದಲು ನೆನಪಾಗುವುದು ಕಛೇರಿಯಲ್ಲ, ಪೌರಾಣಿಕ ನಾಟಕ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೋ ಊರ ಜಾತ್ರೆಯ ಪೆಂಡಾಲಿನಲ್ಲೋ ‘ಕುರುಕ್ಷೇತ್ರ’ ಆಡದ ವರ್ಷವಿಲ್ಲ. ರೈತರು, ಡ್ರೈವರುಗಳು, ತೋಟದ ಚೆಕ್‌ರೋಲ್ ಬರೆಯುವ ರೈಟ್ರು, ಶಾಲೆ ಮೇಷ್ಟ್ರು ಬಣ್ಣ ಹಚ್ಚಿ ಕೃಷ್ಣನೋ ಭೀಮನೋ ಆಗುತ್ತಾರೆ. ಇವರಿಗೆಲ್ಲ ತಿಂಗಳುಗಟ್ಟಲೆ ತಾಲೀಮು ಮಾಡಿಸುವವರು ಹಾರ್ಮೋನಿಯಂ ಮೇಷ್ಟ್ರು. ಆಲೂರು ಕಡೆಯ ಊರೊಂದರಲ್ಲಿ ಇಂಥ ತಾಲೀಮಿನ ಮಧ್ಯೆ, ಕಾಫಿಗೆ ಬಿಡುವು ಕೊಟ್ಟಾಗ, ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿಯೊಬ್ಬಳು ಪೆಟ್ಟಿಗೆ ಮುಂದೆ ಕೂತಳು. ಸರಳೆ ಅವಳಿಗೆ ಬಾಯಿಪಾಠ. ಬೆರಳು ಸರಾಗವಾಗಿ ಓಡಿತು. ಮೇಷ್ಟ್ರು ಲೋಟ ಕೆಳಗಿಟ್ಟರು.

“ಏನವ್ವಾ, ಕಂಪ್ಯೂಟ್ರು ಕುಟ್ಟಿದಂಗೆ ಕುಟ್ತೀಯಲ್ಲ. ಮನೆ ಒಂದೂ ತಪ್ಪಲಿಲ್ಲ. ಆದ್ರೆ ಸ್ವರ ಎಲ್ಲಾ ಒಂದಕ್ಕೊಂದು ಅಂಟ್ಕೊಂಡ್ವು.”

“ನಿಧಾನಕ್ಕೆ ನುಡಿಸ್ಲಾ ಮೇಷ್ಟ್ರೇ?”

ನಿಧಾನಕ್ಕೆ ನುಡಿಸಿದಳು. ಈಗ ಸ್ವರಗಳು ಅಂಟಲಿಲ್ಲ, ತುಂಡುತುಂಡಾದವು. ಒತ್ತಿದ ತಕ್ಷಣ ಬೆರಳು ಎದ್ದುಬಿಡುತ್ತಿತ್ತು. ಮುಂದಿನ ಸ್ವರ ಬರುವವರೆಗೆ ನಡುವೆ ಖಾಲಿ.

“ಒತ್ತೋದು ಚೆನ್ನಾಗಿ ಬತ್ತದೆ ನಿಂಗೆ. ಬಿಡೋದು ಕಲೀಬೇಕು. ಮುಂದಿನ ಬೆರಳು ಕೂತ ಗಳಿಗೆಗೆ ಹಿಂದಿನ ಬೆರಳು ಏಳ್ಬೇಕು. ಮುಂಚೇನೂ ಅಲ್ಲ, ಆಮೇಲೂ ಅಲ್ಲ.”

ಮೇಷ್ಟ್ರ ಕಿವಿ ಹಿಡಿದದ್ದನ್ನು ಸಂಶೋಧಕರು ಬೇರೆ ಕಡೆಯಿಂದ ಹಿಡಿದಿದ್ದಾರೆ. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,68,000 ಜನರ 13.6 ಕೋಟಿ ಕೀಲಿ ಒತ್ತುಗಳನ್ನು ಪರಿಶೀಲಿಸಲಾಗಿತ್ತು. ವೇಗವಾಗಿ ಟೈಪ್ ಮಾಡುವವರ ಗುಟ್ಟುಗಳಲ್ಲಿ ಒಂದು, ಹಿಂದಿನ ಕೀಲಿಯಿಂದ ಬೆರಳು ಎತ್ತುವ ಮೊದಲೇ ಮುಂದಿನ ಕೀಲಿ ಒತ್ತಿಬಿಡುವುದು. ಅಂಥವರ ಒತ್ತುಗಳಲ್ಲಿ ಶೇಕಡಾ 40ರಿಂದ 70ರಷ್ಟು ಹೀಗೆ ಒಂದರ ಮೇಲೊಂದು ಬೀಳುತ್ತವೆ. ಪರದೆಯ ಮೇಲೆ ಅಕ್ಷರ ಒಂದಾದ ಮೇಲೊಂದು ಮೂಡುವುದರಿಂದ ಇದು ಯಾರಿಗೂ ಗೊತ್ತಾಗುವುದಿಲ್ಲ. ಹಾರ್ಮೋನಿಯಂನಲ್ಲಿ ಗೊತ್ತಾಗುತ್ತದೆ. ಕೀಲಿ ತಗ್ಗಿರುವಷ್ಟು ಹೊತ್ತೂ ರೀಡಿನ ಮೂಲಕ ಗಾಳಿ ಹಾಯುತ್ತದೆ, ದನಿ ಬರುತ್ತಲೇ ಇರುತ್ತದೆ. ಋಷಭ ಏಳುವ ಮುಂಚೆ ಗಾಂಧಾರ ಬಿದ್ದರೆ ಎರಡೂ ಸೇರಿ ಕಲಸಿಹೋಗುತ್ತವೆ. ಟೈಪಿಂಗ್‌ನಲ್ಲಿ ಬೆನ್ನು ತಟ್ಟಿಸಿಕೊಂಡ ಚಾಳಿಗೆ ಇಲ್ಲಿ ಬೈಗುಳ.

ಇದಕ್ಕೆ ಮದ್ದು ಹಳೆಯದೇ. ಒಂದೊಂದು ಸ್ವರವನ್ನೂ ನಾಲ್ಕು ಅಕ್ಷರಕಾಲ ಹಿಡಿದು ಸರಳೆ ನುಡಿಸುವುದು, ಬಾಯಲ್ಲಿ ಅದೇ ಸ್ವರ ಹಾಡುತ್ತಾ. ಬಾಯಿ ಸ್ವರ ಬದಲಿಸಿದ ಗಳಿಗೆಗೆ ಬೆರಳೂ ಬದಲಾಗಬೇಕು. ಹಾಡದೆ ನುಡಿಸಿದರೆ ಬೆರಳು ಮತ್ತೆ ಟೈಪಿಂಗ್‌ಗೆ ಜಾರುತ್ತದೆ. ನನ್ನ ಕಂಠ ಚೆನ್ನಾಗಿಲ್ಲ ಎಂದು ನಾಚಿಕೊಳ್ಳುವವರಿಗೆ ಇದು ಕಷ್ಟ. ಆದರೆ ಬೇರೆ ದಾರಿ ನನಗಂತೂ ಕಂಡಿಲ್ಲ. ಹಾಡಲು ಒಪ್ಪದವರಿಗೆ ವಾದ್ಯ ಕೊಡಿಸುವುದು ದುಡ್ಡು ದಂಡ ಎನ್ನುವಷ್ಟರ ಮಟ್ಟಿಗೆ ನಾನು ಹಟಮಾರಿ.

ಹೆಬ್ಬೆರಳಿನದು ಇನ್ನೊಂದು ಕತೆ. ಟೈಪಿಂಗ್‌ನಲ್ಲಿ ಅದಕ್ಕೆ ಸ್ಪೇಸ್ ಬಾರ್ ಬಿಟ್ಟರೆ ಬೇರೆ ಕೆಲಸವಿಲ್ಲ. ಕೀಬೋರ್ಡ್ ಪಾಠದಲ್ಲಿ ಅದೇ ಒಂದನೆಯ ಬೆರಳು. ಬಿಳಿ ಮನೆಗಳ ಮೇಲೆ ಸ ರಿ ಗ ಮ ಪ ದ ನಿ ಸ ನುಡಿಸಲು ಬಲಗೈ ಬೆರಳುಗಳ ಸಾಮಾನ್ಯ ಕ್ರಮ ಒಂದು, ಎರಡು, ಮೂರು, ಮತ್ತೆ ಒಂದು, ಎರಡು, ಮೂರು, ನಾಲ್ಕು, ಐದು. ಮೂರನೆಯ ಬೆರಳು ಗಾಂಧಾರದ ಮೇಲಿರುವಾಗಲೇ ಹೆಬ್ಬೆರಳು ಅಂಗೈಯಡಿ ನುಸುಳಿ ಮಧ್ಯಮಕ್ಕೆ ಹೋಗಿ ಕೂರಬೇಕು. ಟೈಪಿಸ್ಟ್‌ಗಳು ಮೊದಲು ತಡವರಿಸುವುದು ಇಲ್ಲೇ, ಏಕೆಂದರೆ ಅವರ ಕೈ ಜಾಗ ಬಿಟ್ಟು ಕದಲುವುದಿಲ್ಲ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬು ಮುಟ್ಟಿ ಕೂತರೆ ಆಯಿತು, ಸಂಜೆಯವರೆಗೆ ಅಲ್ಲೇ ಠಿಕಾಣಿ. ವಾದ್ಯದಲ್ಲಿ ಅಂಥ ಉಬ್ಬು ಇಲ್ಲ, ಕೈ ಊರೂರು ತಿರುಗಬೇಕು. ಕಪ್ಪು ಮನೆಗಳು ಎರಡು, ಮೂರು ಎಂದು ಗುಂಪಾಗಿ ನಿಂತಿರುವುದೇ ಬೆರಳಿಗೆ ಸಿಗುವ ಗುರುತು. ಕೀಲಿಗಳ ಅಳತೆಯೂ ಬೇರೆ. ಕಂಪ್ಯೂಟರಿನಲ್ಲಿ ಒಂದು ಕೀಲಿಯ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 19 ಮಿಲಿಮೀಟರ್, ಪಿಯಾನೊ ಅಳತೆಯ ಬಿಳಿ ಮನೆಯ ಅಗಲ 23.5 ಮಿಲಿಮೀಟರ್. ಕೇಳಲು ಕಡಿಮೆ ಅನ್ನಿಸಿದರೂ ನೋಡದೆ ಒತ್ತುವ ಬೆರಳಿಗೆ ಇದು ದೊಡ್ಡ ಅಂತರ. ಮೊದಲ ವಾರ ಬೆರಳುಗಳು ಎರಡು ಮನೆಗಳ ನಡುವಿನ ಗೆರೆಯ ಮೇಲೇ ಬೀಳುತ್ತವೆ.

ಹಳೇ ಕಬ್ಬಿಣದ ಟೈಪ್‌ರೈಟರ್ ಮೇಲೆ ಕಲಿತವರಿಗೆ ಒಂದು ಅನುಕೂಲವಿದೆ, ಹೇಳಲೇಬೇಕು. ಕಿರುಬೆರಳು ಬಲವಾಗಿ ಬೀಳದಿದ್ದರೆ ಅಕ್ಷರ ಕಾಗದದ ಮೇಲೆ ಮಸುಕಾಗುತ್ತಿತ್ತು. ಹಾಗಾಗಿ ಹೆಬ್ಬೆರಳು ಬಿಟ್ಟು ನಾಲ್ಕೂ ಬೆರಳಿಗೆ ಸಮನಾದ ಕಸುವು ತುಂಬುವುದು ಅವರ ಪಾಠದ ಭಾಗವೇ ಆಗಿತ್ತು. ಒತ್ತಿದ ಜೋರಿಗೆ ತಕ್ಕಂತೆ ದನಿ ಏರಿಳಿಯುವ ಕೀಬೋರ್ಡ್‌ಗಳಲ್ಲಿ ಆ ಕಸುವು ಎದ್ದು ಕಾಣುತ್ತದೆ. ಕಂಪ್ಯೂಟರಿನ ಮೆತ್ತನೆಯ ಕೀಲಿಗಳ ಮೇಲೆ, ಅದಕ್ಕಿಂತ ಹೆಚ್ಚಾಗಿ ಮೊಬೈಲಿನ ಗಾಜಿನ ಮೇಲೆ, ಬೆಳೆದವರ ಕಿರುಬೆರಳು ಸೋಮಾರಿ. ಮೊಬೈಲಿನಲ್ಲಿ ಎರಡು ಹೆಬ್ಬೆರಳಿಂದ ಎಷ್ಟೇ ಬೇಗ ಟೈಪ್ ಮಾಡಿದರೂ ಈ ಲೇಖನದ ಲೆಕ್ಕಕ್ಕೆ ಅದು ಟೈಪಿಂಗ್ ಅಲ್ಲ.

ಎರಡು ಕೈಗಳ ಹಂಚಿಕೆ ನೋಡಿದರೆ ಇನ್ನೊಂದು ತಮಾಷೆ. ಟೈಪಿಂಗ್‌ನಲ್ಲಿ ಎರಡೂ ಕೈ ಸೇರಿ ಒಂದೇ ಸಾಲು ನೇಯುತ್ತವೆ. ಪಿಯಾನೊದಲ್ಲಿ ಒಂದೊಂದು ಕೈಯದೂ ಬೇರೆ ಬೇರೆ ಸಾಲು. ಕೈ ಹಾರ್ಮೋನಿಯಂನಲ್ಲಂತೂ ಎಡಗೈ ತಿದಿ ಒತ್ತಲು ಮೀಸಲು, ಸ್ವರವೆಲ್ಲ ಬಲಗೈಯ ಪಾಲು. ಅಕ್ಷರ ಹೊಡೆದು ಪಳಗಿದ ಎಡಗೈ ಗಾಳಿ ಹಾಕುತ್ತಾ ಕೂರಬೇಕು. ನಾಟಕದವರು ಬಳಸುವ ಕಾಲು ಹಾರ್ಮೋನಿಯಂ ಈ ಕೊರತೆ ನೀಗುತ್ತದೆ, ತಿದಿ ಪಾದಕ್ಕೆ ಹೋಗಿ ಎರಡು ಕೈಯೂ ಬಿಡುವಾಗುತ್ತವೆ. ಎಡಗೈಯೇ ಚುರುಕು ಎನ್ನುವ ಟೈಪಿಸ್ಟ್‌ಗೆ ಹೇಳಿ ಮಾಡಿಸಿದಂಥ ವಾದ್ಯ ಬೇರೊಂದಿದೆ. ನಮ್ಮ ಜಾತ್ರೆ, ಅಂಗಡಿಗಳಲ್ಲಿ ಬುಲ್‌ಬುಲ್ ತರಂಗ್ ಎಂದು ಸಿಗುವ ತಂತಿವಾದ್ಯ. ಎಡಗೈಯಿಂದ ಗುಂಡಿ ಒತ್ತಿ ಬಲಗೈಯಿಂದ ತಂತಿ ಮೀಟುವುದು. ಜಪಾನಿನ ನಗೋಯಾದಲ್ಲಿ ಮೊರಿಟಾ ಗೊರೊ 1912ರಲ್ಲಿ ರೂಪಿಸಿದ ತೈಶೊಗೊಟೊ ಇದರ ಮೂಲ. ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳನ್ನು ಕೂರಿಸಿದ್ದೇ ಅವರ ಹೊಸತನ. ಪಿಯಾನೊದಿಂದ ಟೈಪ್‌ರೈಟರಿಗೆ ಹೋದ ಕೀಲಿ ಸುಮಾರು ಅರ್ಧ ಶತಮಾನದಲ್ಲಿ ಸಂಗೀತಕ್ಕೇ ವಾಪಸಾಯಿತು. ಇದನ್ನು ಬರೀ ಮಕ್ಕಳ ಆಟಿಕೆ ಎನ್ನುವವರೊಂದಿಗೆ ನನ್ನ ತಕರಾರಿದೆ.

ಇಷ್ಟೆಲ್ಲ ಬೆರಳಿನದಾಯಿತು. ನಿಜವಾದ ಪರೀಕ್ಷೆ ಶ್ರುತಿಯದು. ಟೈಪಿಂಗ್‌ನಲ್ಲಿ ಕೆ ಒತ್ತಿದರೆ ಎಂದೆಂದಿಗೂ ‘ಕ’. ವಾದ್ಯದಲ್ಲಿ ಷಡ್ಜಕ್ಕೆ ಖಾಯಂ ವಿಳಾಸವಿಲ್ಲ, ಯಾವ ಮನೆಯ ಮೇಲೂ ಕೂರಬಹುದು. ನಾಟಕದ ಮೇಷ್ಟ್ರ ಪಾಡು ನೋಡಿ. ಒಬ್ಬ ಪಾತ್ರಧಾರಿಯ ಶ್ರುತಿ ಕಪ್ಪು ಒಂದು, ಇನ್ನೊಬ್ಬನದು ಬಿಳಿ ಎರಡು, ಮೂರನೆಯವನು ರಂಗಕ್ಕೆ ಬಂದ ಉಮೇದಿನಲ್ಲಿ ತಾಲೀಮಿನ ಶ್ರುತಿ ಮರೆತು ಎಲ್ಲೋ ಪದ್ಯ ಎತ್ತುತ್ತಾನೆ. ಅವನು ಎತ್ತಿದ ಕಡೆಗೆ ಮೇಷ್ಟ್ರ ಬೆರಳು ಕಣ್ಣುಮಿಟುಕಿಸುವಷ್ಟರಲ್ಲಿ ಹೋಗಿ ಸೇರಿಕೊಳ್ಳಬೇಕು. ಹಿಂದೆ ಹೇಳಿದ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳಿ. ಎ ಬದಲು ಎಸ್ ಮೇಲೆ ಷಡ್ಜ ಇಟ್ಟರೆ ಅದೇ ಆರೋಹಣ ಎಸ್, ಇ, ಟಿ, ಜಿ, ಎಚ್, ಯು, ಓ, ಎಲ್ ಆಗಿಬಿಡುತ್ತದೆ. ದಿನಕ್ಕೊಂದು ಸಲ ಕೀಲಿಗಳ ಮೇಲಿನ ಅಕ್ಷರವನ್ನೆಲ್ಲ ಅದಲು ಬದಲು ಮಾಡಿಟ್ಟರೆ ಯಾವ ಟೈಪಿಸ್ಟ್ ತಾನೆ ಸುಮ್ಮನಿರುತ್ತಾರೆ? ಹಾರ್ಮೋನಿಯಂನವರು ಸುಮ್ಮನಿರುತ್ತಾರೆ, ಏಕೆಂದರೆ ಅವರು ಮನೆಯ ಗುರುತು ಹಿಡಿದು ನುಡಿಸುವುದಿಲ್ಲ. ಸ್ವರದಿಂದ ಸ್ವರಕ್ಕೆ ಇರುವ ದೂರ ಹಿಡಿದು ನುಡಿಸುತ್ತಾರೆ. ಆ ದೂರ ಅಳೆಯುವುದು ಕಿವಿ. ಈಗಿನ ಕೀಬೋರ್ಡ್‌ಗಳಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ, ಅದನ್ನೊತ್ತಿದರೆ ಬೆರಳು ಇದ್ದಲ್ಲೇ ಇದ್ದು ಶ್ರುತಿ ಮಾತ್ರ ಸರಿಯುತ್ತದೆ. ಹಳೇ ಮೇಷ್ಟ್ರುಗಳು ಇದನ್ನು ಕಳ್ಳದಾರಿ ಎನ್ನುತ್ತಾರೆ. ಮೊದಲ ವರ್ಷ ಬಳಸಿದರೆ ತಪ್ಪೇನಿಲ್ಲ ಎಂದು ನನ್ನ ಅನಿಸಿಕೆ. ಎರಡನೆಯ ವರ್ಷವೂ ಅದನ್ನೇ ನೆಚ್ಚಿದರೆ ಮೇಷ್ಟ್ರು ಹೇಳಿದ್ದೇ ಸರಿ.

ಗಮಕದ ವಿಷಯದಲ್ಲಿ ಮಾತ್ರ ಟೈಪಿಸ್ಟ್‌ಗೂ ಉಳಿದವರಿಗೂ ಕಷ್ಟ ಒಂದೇ. ಮನೆಯಿಂದ ಮನೆಗೆ ಜಿಗಿಯುವ ವಾದ್ಯದಲ್ಲಿ ಸ್ವರ ಜಾರುವುದಿಲ್ಲ, ತೂಗುವುದಿಲ್ಲ. ಈ ಕಾರಣಕ್ಕೇ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಆದರೆ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂಥವರು ಆ ಪೆಟ್ಟಿಗೆಯಲ್ಲೇ ಹಾಡಿನ ನಡೆಯನ್ನು ನುಡಿಸಿ ತೋರಿಸಿದರು. ಚೆನ್ನೈನ ಸತ್ಯನಾರಾಯಣನ್ ಎಲೆಕ್ಟ್ರಾನಿಕ್ ಕೀಬೋರ್ಡ್‌ನಲ್ಲಿ ಕರ್ನಾಟಕ ಸಂಗೀತದ ಪೂರ್ತಿ ಕಛೇರಿ ಕೊಡುತ್ತಾರೆ. ಒಂದು ಕೈ ಸ್ವರದ ಮೇಲೆ, ಇನ್ನೊಂದು ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರದ ಮೇಲೆ. ಅಷ್ಟು ದೂರ ಹೋಗಲು ಎಲ್ಲರಿಗೂ ಆಗದು, ಎಲ್ಲರೂ ಹೋಗಬೇಕೆಂದೂ ಇಲ್ಲ. ಭಜನೆಗೆ, ರಂಗಗೀತೆಗೆ, ಭಾವಗೀತೆಗೆ ಜೊತೆ ಕೊಡುವಷ್ಟು ಬಂದರೆ ಊರಿಗೆ ಸಾಕು.

ಬ್ಯಾಕ್‌ಸ್ಪೇಸ್ ಚಟವನ್ನೂ ಬಿಡಬೇಕು. ತಪ್ಪಿದ ಕೂಡಲೇ ಹಿಂದೆ ಹೋಗಿ ತಿದ್ದುವುದು ಟೈಪಿಸ್ಟ್‌ಗಳಿಗೆ ರಕ್ತಗತ. ಭಜನೆಯ ನಡುವೆ ಒಂದು ಸ್ವರ ತಪ್ಪಿದರೆ ಅಲ್ಲೇ ಬಿಟ್ಟು ಮುಂದಿನ ತಾಳಕ್ಕೆ ಸೇರಿಕೊಳ್ಳಬೇಕು. ನಿಂತು ತಿದ್ದಿದರೆ ಹಾಡುವವರೂ ನಿಲ್ಲುತ್ತಾರೆ, ತಬಲದವನು ಕೆಂಗಣ್ಣು ಬಿಡುತ್ತಾನೆ.

ಇದರ ಉಲ್ಟಾ ದಾರಿಯಲ್ಲೂ ಪ್ರಯೋಗ ನಡೆದಿದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದಾಗ ಅನ್ನಾ ಫೈಟ್ ಮತ್ತು ಆಂಟಿ ಔಲಾಸ್ವಿರ್ಟಾ ಪಿಯಾನೊ ಮನೆಗಳಿಗೆ ಅಕ್ಷರಗಳನ್ನು ಹಂಚಿ, ನುಡಿಸಿದರೆ ಬರಹ ಮೂಡುವ ‘ಪಿಯಾನೊಟೆಕ್ಸ್ಟ್’ ರೂಪಿಸಿದರು. ಆಗಾಗ ಬರುವ ಅಕ್ಷರಜೋಡಿಗಳು ಸಂಗೀತದಲ್ಲಿ ಆಗಾಗ ಬರುವ ಸ್ವರಜೋಡಿಗಳ ಮೇಲೆ ಬೀಳುವಂತೆ ಹಂಚಿಕೆ ಮಾಡಿದ್ದರು. ಪಿಯಾನೊ ಬಲ್ಲವರು ಅದರಲ್ಲಿ ನಿಮಿಷಕ್ಕೆ 80ಕ್ಕೂ ಹೆಚ್ಚು ಪದ ಬರೆದರು, ಪಳಗಿದ ಟೈಪಿಸ್ಟ್‌ನಷ್ಟೇ ಬೇಗ. ಅಂದರೆ ಬೆರಳಿನ ವಿದ್ಯೆ ಒಂದು ಮಣೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಆದರೆ ಗಮನಿಸಿ, ಸಂಗೀತದಿಂದ ಟೈಪಿಂಗ್‌ಗೆ ಬರುವವರು ಕಿವಿಯ ಹೊರೆ ಇಳಿಸಿ ಬರುತ್ತಾರೆ. ಟೈಪಿಂಗ್‌ನಿಂದ ಸಂಗೀತಕ್ಕೆ ಹೋಗುವವರು ಅದನ್ನು ಹೊಸದಾಗಿ ಹೊರಬೇಕು. ಏರು ಇರುವುದು ಒಂದೇ ಕಡೆಗೆ.

ನಮ್ಮ ಗುಡ್ಡಗಾಡಿನಲ್ಲಿ ಕಲಿಯಲು ಹೊರಡುವವರಿಗೆ ಒಂದೆರಡು ಕಿವಿಮಾತು. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಮೇಲೆ ಮೆಣಸು, ಏಪ್ರಿಲ್ ಹೊತ್ತಿಗೆ ಸುಗ್ಗಿ ಹಬ್ಬ, ಜಾತ್ರೆ. ಬಿಡುವು ಸಿಗುವುದು ಜೂನ್ ಮಳೆ ಹಿಡಿದ ಮೇಲೆಯೇ. ಆದರೆ ಹಾರ್ಮೋನಿಯಂಗೆ ಆಗದ ಕಾಲವೂ ಅದೇ. ಹೆತ್ತೂರು, ಹಾನುಬಾಳು ಕಡೆಯ ಥಂಡಿಗೆ ಮರ ಉಬ್ಬಿ ಕೀಲಿ ಸಿಕ್ಕಿಕೊಳ್ಳುತ್ತದೆ, ತಿದಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆ ರೀಡು ಕಿಲುಬುತ್ತದೆ. ಅಡುಗೆಮನೆಯ ಒಲೆಗೆ ದೂರವಲ್ಲದ ಒಣಗಿದ ಕೋಣೆಯಲ್ಲಿ, ನೆಲದಿಂದ ಎತ್ತರಕ್ಕೆ, ಬಟ್ಟೆ ಹೊದಿಸಿ ಇಡಿ. ದಿನಾ ನುಡಿಸಿದರೆ ಅರ್ಧ ರೋಗ ಬರುವುದಿಲ್ಲ. ಕೀಬೋರ್ಡ್ ಕೊಳ್ಳುವವರು ಬ್ಯಾಟರಿಯಲ್ಲೂ ನಡೆಯುವಂಥದ್ದನ್ನೇ ಆರಿಸಿ. ಸಣ್ಣ ಮಾದರಿಗಳು ಪೆನ್ಸಿಲ್ ಸೆಲ್ ಆರು ಹಾಕಿದರೆ ನಡೆಯುತ್ತವೆ. ಮರ ಬಿದ್ದು ಲೈನು ಹೋದರೆ ನಮ್ಮಲ್ಲಿ ಕರೆಂಟು ಬರುವುದು ಯಾವಾಗ ಎಂದು ಲೈನ್‌ಮನ್ನಿಗೂ ಗೊತ್ತಿರುವುದಿಲ್ಲ. ಸಂಜೆ ಪಾಠಕ್ಕೆ ಮಗ್ಗೆ, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಮಕ್ಕಳನ್ನು ಕಳಿಸುವುದಾದರೆ ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ನೋಡಿ ಕಳಿಸಿ. ಭಾನುವಾರ ಬೆಳಗಿನ ಪಾಠವೇ ಕ್ಷೇಮ.

ಕಡೆಯದಾಗಿ, ಯಾರ ಹತ್ತಿರ ಕಲಿಯುವುದು ಎಂಬ ಮಾತು. ಮೊಬೈಲಿನಲ್ಲಿ ಪಾಠಗಳು ಬೇಕಾದಷ್ಟು ಸಿಗುತ್ತವೆ, ಟೈಪಿಸ್ಟ್‌ಗಳು ಅವನ್ನು ನೋಡಿ ಬೇಗ ಕಲಿಯುತ್ತಾರೆ ಕೂಡ. ಯಾವ ಮನೆ ಯಾವಾಗ ಒತ್ತಬೇಕೆಂದು ಅವು ಬಣ್ಣ ಹಚ್ಚಿ ತೋರಿಸುತ್ತವೆ. ನಿಮ್ಮ ಬೆರಳು ತಡವಾಗಿ ಎದ್ದಿತು ಎಂದು ಹೇಳಲು ಮಾತ್ರ ಎದುರಿಗೆ ಕೂತ ಒಬ್ಬರು ಬೇಕು. ನಿಮ್ಮೂರ ನಾಟಕಕ್ಕೆ ತಾಲೀಮು ಮಾಡಿಸಿದ ಹಾರ್ಮೋನಿಯಂ ಮೇಷ್ಟ್ರು ಇನ್ನೂ ಇದ್ದಾರಾದರೆ ಅವರ ಮನೆ ಹುಡುಕಿಕೊಂಡು ಹೋಗಿ. ಮೇಷ್ಟ್ರೇ, ನನಗೆ ಟೈಪಿಂಗ್ ಬರುತ್ತೆ, ಪೆಟ್ಟಿಗೆ ಕಲಿಸಿಕೊಡಿ ಎಂದು ಕೇಳಿ. ಪಾಠದ ದಕ್ಷಿಣೆ ಎಷ್ಟೆಂದು ಮೊದಲೇ ಮಾತಾಡಿ, ತಿಂಗಳು ತಿಂಗಳು ತಪ್ಪದೆ ಕೊಡಿ. ಅವರಲ್ಲಿ ಹೆಚ್ಚಿನವರಿಗೆ ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ.